ದೀಪ ಹಚ್ಚುವ ಹೊತ್ತು: ಬನಹಟ್ಟಿಯಲ್ಲಿ, ತಿನ್ಸುಕಿಯಾದಲ್ಲಿ

ಜನವರಿ ೧೯, ಬೆಳಿಗ್ಗೆ ೬ ಗಂಟೆ ೨೦ ನಿಮಿಷ. ಬನಹಟ್ಟಿ. ಹೊರಗೆ ಇನ್ನೂ ಕತ್ತಲೆ. ಕರೆಂಟು ಬಂದು ಅರ್ಧ ತಾಸಾಯಿತು. ಪಕ್ಕದ ಮನೆಯ ಮಗ್ಗಗಳು ಶುರುವಾಗಿವೆ, ನಮ್ಮವು ಇನ್ನೂ ಇಲ್ಲ. ಅವ್ವ ನೂಲು ಸುತ್ತಲು ಹೋಗಿದ್ದಾಳೆ. ಅವಳು ಬರುವುದರೊಳಗೆ ಪತ್ರಿಕೆಗೆ ಕಳಿಸಲು ಎರಡು ಪುಟವಾದರೂ ಬರೆಯಬೇಕು. ನಾನು ಡೈರಿ ಹಿಡಿದು ಕೂತದ್ದನ್ನು ಕಂಡರೆ ಈಗ ಅವಳು ಕೇಳುವುದು ಒಂದೇ ಮಾತು: "ಇವತ್ತ ಯಾರ ಮನಿ ಕೆಡಸಾಕತ್ತೀ?"

ಕೆಡಿಸಿಕೊಂಡದ್ದು ನನ್ನದೇ. ನಾನು ಬ್ಯಾಂಕಿನ ಪರೀಕ್ಷೆ ಪಾಸಾಗಿದ್ದೇನೆ. ಈ ತಿಂಗಳ ಮೂವತ್ತೊಂದರೊಳಗೆ ಒಂದು ಫಾರ್ಮು ತುಂಬಿ ಕಳಿಸಬೇಕು. ಅದರಲ್ಲಿ ಇಪ್ಪತ್ತಾರು ಊರುಗಳ ಪಟ್ಟಿ ಇದೆ. ಐದನ್ನು ಆರಿಸಿ ಒಂದರ ಕೆಳಗೆ ಒಂದು ಬರೆಯಬೇಕು. ಎಲ್ಲವೂ ದೂರದ ಊರುಗಳೇ. ಅವ್ವ ಹೂಂ ಅನ್ನದೆ ನಾನು ಬರೆಯುವ ಹಾಗಿಲ್ಲ. ಡಿಸೆಂಬರ್ ಹದಿನಾರರ ತನಕ ಅವಳು ಹೂಂ ಅನ್ನುವುದರಲ್ಲಿದ್ದಳು.

ನನಗಿಂತ ಮೂರು ವರ್ಷ ದೊಡ್ಡವಳು ನನ್ನ ಅಕ್ಕ. ಅವಳಿಗೂ ಇಂಥದೇ ಬ್ಯಾಂಕಿನ ಕೆಲಸ. ಹೋದ ಆಗಸ್ಟಿನಲ್ಲಿ ಅಸ್ಸಾಮಿನ ಪೂರ್ವದ ಅಂಚಿಗಿರುವ ತಿನ್ಸುಕಿಯಾಕ್ಕೆ ಹಾಕಿದರು. ಆಗಸ್ಟ್ ೧೧, ಮಧ್ಯಾಹ್ನ ೨ ಗಂಟೆ ೧೦ ನಿಮಿಷಕ್ಕೆ ಬೆಳಗಾವಿಯ ಬಸ್ಸು ಹತ್ತುವ ಮೊದಲು ಅವ್ವ ನಮ್ಮಿಬ್ಬರನ್ನೂ ಬಸ್ ಸ್ಟ್ಯಾಂಡಿನ ಕಂಬದ ಹತ್ತಿರ ನಿಲ್ಲಿಸಿಕೊಂಡು ಹೇಳಿದಳು.

"ದೀಪ ಹಚ್ಚೂ ಹೊತ್ತಿಗಿ ಮನ್ಯಾಗ ಇರಬೇಕು. ದಿನಾ ಫೋನಿನ್ಯಾಗ ದೀಪ ತೋರಸ್ಬೇಕು. ಸಂಕ್ರಮಣದ ತನಕ ಹಿಂಗ ನಡದ್ರ ಸಣ್ಣಕಿನ್ನೂ ಕಳಸ್ತೀನಿ. ಇಲ್ಲಂದ್ರ ನೀನೂ ತಿರುಗಿ ಬರೂದ, ಅಕಿನೂ ಹೋಗೂದಿಲ್ಲ."

ಅಕ್ಕ ನನ್ನ ಕಡೆ ನೋಡಿ ನಕ್ಕಳು. "ಲೇ, ನಿನ್ನ ನೌಕರಿನೂ ನಾನ ಮಾಡಬೇಕಾತು ನೋಡು."

ಇದು ನಮ್ಮ ಮನೆಯ ಹೊಸ ಕಟ್ಟಳೆಯಲ್ಲ. ನಮ್ಮ ಓಣಿಯಲ್ಲಿ ಹೆಣ್ಣುಮಕ್ಕಳಿಗೆ ಗಂಟೆ ಹೇಳುವುದಿಲ್ಲ, ದೀಪ ಹೇಳುತ್ತಾರೆ. ದೇವರ ಮುಂದೆ ದೀಪ ಹಚ್ಚುವಾಗ ಯಾರು ಮನೆಯಲ್ಲಿಲ್ಲವೋ ಅವರ ಹೆಸರನ್ನು ಅವ್ವ ಒಂದು ಸಲ ಕೂಗುತ್ತಾಳೆ. ಮಗ್ಗದ ಸದ್ದಿನ ಮೇಲೆ ಕೇಳಬೇಕಲ್ಲ, ಆ ಕೂಗು ನಾಲ್ಕು ಮನೆಯಾಚೆಗೂ ಹೋಗುತ್ತದೆ. ಅಷ್ಟಾದರೆ ಮರುದಿನ ಓಣಿಯೆಲ್ಲ ಕೇಳುತ್ತದೆ: ನಿನ್ನೆ ಎಲ್ಲಿದ್ದಿ?

ಹೊತ್ತಿನ ಲೆಕ್ಕ ಇಡುವುದು ನನಗೆ ಹಳೆಯ ಚಟ. ಎರಡು ವರ್ಷ ಓದಲೆಂದು ಜಮಖಂಡಿಯ ಗ್ರಂಥಾಲಯಕ್ಕೆ ಹೋದೆ. ಬಸ್ಸು ದಿನವೂ ಎಷ್ಟು ನಿಮಿಷ ತಡ ಎಂದು ಬರೆದಿಟ್ಟಿದ್ದೇನೆ. ಬರೆಯುತ್ತ ಹೋದಂತೆ ನಮ್ಮ ಸುತ್ತಿನ ಊರುಗಳಿಗೇ ಒಂದೊಂದು ಬೇರೆ ಗಡಿಯಾರ ಇದೆ ಅನ್ನಿಸಿತು. ಜಮಖಂಡಿಯಲ್ಲಿ ಬೆಳಗಾಗುವುದು ಕಚೇರಿಗಳ ಬಾಗಿಲು ತೆರೆದಾಗ. ಕಬ್ಬು ಕಡಿಯುವ ದಿನಗಳಲ್ಲಿ ಮುಧೋಳದ ರಸ್ತೆಯ ಟ್ರ್ಯಾಕ್ಟರಿನವನನ್ನು ಎಷ್ಟು ಗಂಟೆ ಎಂದು ಕೇಳಿದರೆ ಕಾರ್ಖಾನೆಯ ಮುಂದೆ ತನ್ನದು ಎಷ್ಟನೆಯ ಪಾಳಿ ಎಂದು ಹೇಳುತ್ತಾನೆ. ಬೀಳಗಿಯ ಕಡೆಯ ಹೊಲಗಳಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ. ನಮ್ಮಲ್ಲಿ ಅಮಾವಾಸ್ಯೆಗೆ ಮಗ್ಗ ನಿಲ್ಲುತ್ತದೆ. ಉಳಿದ ದಿನ ಕರೆಂಟು ಇದ್ದಾಗ ಹಗಲು, ಹೋದಾಗ ಊಟ.

ಆದ್ದರಿಂದ ಅಕ್ಕ ಅಲ್ಲಿ ಮುಟ್ಟಿದ ದಿನದಿಂದಲೇ ಅವಳಿಗೊಂದು ಪುಟ ತೆರೆದೆ. ದೀಪದ ಫೋನು ಬಂದ ದಿನ ಒಂದು ಗೀಟು, ಬರದ ದಿನ ಒಂದು ಸೊನ್ನೆ. ಆಗಸ್ಟ್ ೧೪ರಿಂದ ಡಿಸೆಂಬರ್ ೮ರ ತನಕ ನೂರಾ ಹದಿನೇಳು ದಿನ. ಗೀಟು ನೂರಾ ಹದಿನಾಲ್ಕು, ಸೊನ್ನೆ ಮೂರು. ಎರಡು ಸಲ ನೆಟ್‌ವರ್ಕ್ ಇರಲಿಲ್ಲ, ಒಂದು ಸಲ ಅವಳಿಗೆ ಜ್ವರ. ಇಲ್ಲಿ ಅವ್ವ ದೀಪ ಹಚ್ಚಿದ ಕೂಡಲೇ ಫೋನು ಹಚ್ಚುತ್ತಿದ್ದೆವು. ಅಲ್ಲಿ ಅಕ್ಕ ತನ್ನ ಬಾಡಿಗೆ ಕೋಣೆಯಲ್ಲಿ ಸ್ಟೀಲಿನ ತಟ್ಟೆಯೊಳಗೆ ಇಟ್ಟ ಹಣತೆಯನ್ನು ಫೋನಿನ ಮುಂದೆ ಹಿಡಿಯುತ್ತಿದ್ದಳು. ಅವ್ವ ಹಣತೆ ನೋಡಿ, ಆಮೇಲೆ ಅವಳ ಮುಖ ನೋಡಿ, "ಉಂಡಿಯೇನ?" ಅನ್ನುತ್ತಿದ್ದಳು. ದಿನವೂ ಇಷ್ಟೇ. ತಿಂಗಳಿಗೊಮ್ಮೆ ನಾನು ಗೀಟುಗಳನ್ನು ಐದೈದರ ಕಟ್ಟು ಮಾಡಿ ಅವ್ವನಿಗೆ ಓದಿ ಹೇಳುತ್ತಿದ್ದೆ. ನವೆಂಬರಿನಲ್ಲಿ ಅವಳು ತಾನಾಗಿಯೇ ಕೇಳಿದಳು: "ನಿನಗ ಚಾದರ ಎರಡು ಸಾಕೋ ಮೂರು ಬೇಕೋ?"

ತಿನ್ಸುಕಿಯಾದ ಬಗ್ಗೆ ಅಕ್ಕ ಹೇಳಿದ್ದನ್ನೂ ಅದೇ ಪುಟದ ಅಂಚಿನಲ್ಲಿ ಬರೆದಿದ್ದೇನೆ. ಅಲ್ಲಿಯ ಜನ ಮೆಲ್ಲಗೆ ಮಾತಾಡುತ್ತಾರಂತೆ. ಮೊದಲ ವಾರ ಮನೆಯ ಮಾಲೀಕಳು ಬಂದು, ಫೋನಿನಲ್ಲಿ ಯಾರ ಸಂಗಡ ಜಗಳ ಎಂದು ಕಾಳಜಿಯಿಂದ ಕೇಳಿದಳಂತೆ. ಅಕ್ಕ ಆಗ ಅವ್ವನ ಜತೆ ರೊಟ್ಟಿಯ ವಿಷಯ ಮಾತಾಡುತ್ತಿದ್ದಳು. ಮಗ್ಗದ ಮನೆಯಲ್ಲಿ ಬೆಳೆದವರ ದನಿ ಇಳಿಯುವುದಿಲ್ಲ. ಅಲ್ಲಿ ಬೆಳಿಗ್ಗೆ ಆರಕ್ಕೇ ಕಾಯಿಪಲ್ಲೆಯ ಪೇಟೆ ಅರ್ಧ ಮುಗಿದಿರುತ್ತದಂತೆ. ಸುತ್ತಲಿನ ಚಹಾ ತೋಟಗಳಲ್ಲಿ ಗಡಿಯಾರವನ್ನು ಒಂದು ತಾಸು ಮುಂದೆ ಇಟ್ಟಿರುತ್ತಾರೆ. ಅದಕ್ಕೆ ಬಾಗಾನ್ ಟೈಮ್, ಅಂದರೆ ತೋಟದ ಹೊತ್ತು ಅನ್ನುತ್ತಾರೆ. ತೋಟದವನೊಬ್ಬ ಎಂಟಕ್ಕೆ ಬಾ ಅಂದನೆಂದು ಅಕ್ಕ ತನ್ನ ಗಡಿಯಾರದ ಎಂಟಕ್ಕೆ ಹೋದರೆ ಅಲ್ಲಿ ಒಂಬತ್ತಾಗಿತ್ತು, ಜನ ಎಲ್ಲ ಗಿಡಗಳ ನಡುವೆ ಚದುರಿಹೋಗಿದ್ದರು. ಇದನ್ನು ಕೇಳಿ ನಾನು ಬಹಳ ನಕ್ಕಿದ್ದೆ. ಗಡಿಯಾರವನ್ನು ಯಾಕೆ ಮುಂದೆ ಇಡುತ್ತಾರೆ ಎಂದು ಮಾತ್ರ ಕೇಳಲಿಲ್ಲ. ದೇಶಕ್ಕೆಲ್ಲ ಒಂದೇ ಗಡಿಯಾರ, ಅವಳ ಫೋನಿನಲ್ಲೂ ನನ್ನ ಫೋನಿನಲ್ಲೂ ಒಂದೇ ಗಂಟೆ. ಇದರಲ್ಲಿ ಹೋಲಿಸಲು ಏನಿದೆ ಎಂದುಕೊಂಡಿದ್ದೆ.

ಡಿಸೆಂಬರ್ ೮ರಂದು ಸಂಜೆ ೪ ಗಂಟೆ ೪೫ ನಿಮಿಷಕ್ಕೆ ಅಕ್ಕ ಬ್ಯಾಂಕಿನಿಂದಲೇ ನನಗೆ ವಿಡಿಯೊ ಫೋನು ಮಾಡಿದಳು. ಅವಳ ಯಾವುದೋ ಅಂಕಪಟ್ಟಿಯ ಫೋಟೊ ಬೇಕಾಗಿತ್ತು. ನಮ್ಮ ಹಿತ್ತಲ ಗೋಡೆಯ ಮೇಲೆ ಇನ್ನೂ ಬಿಸಿಲಿತ್ತು. ಅವಳ ಹಿಂದಿನ ಕಿಟಕಿ ಕರ್ರಗಿತ್ತು.

"ಅಲ್ಲೇನು ಮಳಿ ಬರೂ ಹಂಗ ಐತೇನ?"

"ಇಲ್ಲಬೇ, ಹೊತ್ತು ಮುಳುಗೇತಿ."

"ಈಗ?"

"ಈಗಲ್ಲ, ಅರ್ಧ ತಾಸಾತು. ಅಂಕಪಟ್ಟಿ ಕಳಸು ಲಗೂನ."

ಅಂಕಪಟ್ಟಿ ಕಳಿಸಿದೆ. ಆಮೇಲೆ ಮನಸ್ಸು ನಿಲ್ಲಲಿಲ್ಲ. ಮರುದಿನದಿಂದ ಏಳು ದಿನ ಅಕ್ಕನಿಗೆ ಬೆನ್ನುಬಿದ್ದು ಹೊತ್ತು ಮೂಡುವುದು, ಮುಳುಗುವುದು ಎರಡನ್ನೂ ಕೇಳಿ ಬರೆದುಕೊಂಡೆ. ಇಲ್ಲಿಯದನ್ನು ಮಾಳಿಗೆ ಹತ್ತಿ ನಾನೇ ನೋಡಿದೆ. ಅಲ್ಲಿ ಮೂಡುವುದು ೫ ಗಂಟೆ ೪೭ಕ್ಕೆ, ನಮ್ಮಲ್ಲಿ ೬ ಗಂಟೆ ೪೭ಕ್ಕೆ. ಅಲ್ಲಿ ಮುಳುಗುವುದು ೪ ಗಂಟೆ ೧೪ಕ್ಕೆ, ನಮ್ಮಲ್ಲಿ ೫ ಗಂಟೆ ೫೭ಕ್ಕೆ. ಬೆಳಿಗ್ಗೆ ಒಂದು ತಾಸಿನ ಅಂತರ. ಸಂಜೆ ಒಂದು ತಾಸು ನಲವತ್ತಮೂರು ನಿಮಿಷ. ಒಂದೇ ಗಡಿಯಾರದ ಕೆಳಗೆ ಎರಡು ಬೇರೆ ಹಗಲು. ಇಷ್ಟು ಚೆಂದದ ಕೋಷ್ಟಕ ನಾನು ಹಿಂದೆಂದೂ ಮಾಡಿರಲಿಲ್ಲ. ಅದನ್ನು ಯಾರಿಗಾದರೂ ಓದಿ ಹೇಳಲೇಬೇಕಾಗಿತ್ತು. ಡಿಸೆಂಬರ್ ೧೬ರಂದು ಬೆಳಿಗ್ಗೆ ಅವ್ವ ನೆಲದ ಮೇಲೆ ಕೂತು ಕಂಡಿಕೆಗಳನ್ನು ಬಣ್ಣ ನೋಡಿ ಬೇರೆ ಮಾಡುತ್ತಿದ್ದಳು. ಕಂಡಿಕೆ ಅಂದರೆ ಮಗ್ಗದ ಲಾಳಿಯೊಳಗೆ ಕೂರುವ ನೂಲಿನ ಸಣ್ಣ ಸುರುಳಿ. ನಾನು ಎದುರಿಗೆ ಕೂತು ಓದಿದೆ.

ಅವ್ವನ ಕೈ ಓದಿನ ನಡುವೆಯೇ ನಿಂತಿತು.

"ಬ್ಯಾಂಕ್ ಎಷ್ಟಕ್ಕ ಬಿಡತೈತಿ?"

"ಐದೂ ನಲವತ್ತಕ್ಕ ಹೊರಗ ಬೀಳತಾಳ."

"ಮನಿ ಮುಟ್ಟೂದು?"

"ಆರರ ಸುಮಾರ."

"ಅಲ್ಲಿ ದೀಪ ಹಚ್ಚೂದು?"

ಅಷ್ಟು ಹೊತ್ತಿಗೆ ನನಗೆ ತಿಳಿಯಿತು. ಕೋಷ್ಟಕವನ್ನು ಮುಚ್ಚಿದೆ. ಅವ್ವನಿಗೆ ಓದು ಬರೆಹ ಬಾರದು. ಆದರೆ ಕಂಡಿಕೆ ಎಣಿಸಿ ಎಣಿಸಿ ಅವಳ ಲೆಕ್ಕ ನನಗಿಂತ ಚುರುಕು.

"ನಾಲ್ಕೂ ಕಾಲಿಗಿ ಹೊತ್ತು ಮುಳುಗಿದ್ರ ನಾಲ್ಕೂವರಿಗಿ ದೀಪ," ಅಂದಳು. "ಅಂದ್ರ ಒಂದೂವರಿ ತಾಸು ಕತ್ತಲದಾಗ ಹೊರಗ ಇದ್ದು, ಮನಿಗಿ ಬಂದು, ನನಗ ಹಣತಿ ತೋರಸಾಕತ್ತಾಳ. ನಿನ್ನ ಗೀಟು ಎಲ್ಲಾ ಸುಳ್ಳ ಹಂಗಾದ್ರ."

ಆ ಸಂಜೆಯ ಫೋನಿನಲ್ಲಿ ಅವ್ವ ಹಣತೆ ನೋಡಲಿಲ್ಲ. "ನೌಕರಿ ಬಿಟ್ಟು ಬಾ," ಅಂದಳು.

"ಅವ್ವ, ಇಲ್ಲಿ ನಾಲ್ಕೂವರಿ ಅಂದ್ರ ರಾತ್ರಿ ಅಲ್ಲಬೇ. ಎಲ್ಲಾರೂ ಹೊರಗ ಇರತಾರ. ತ್ವಾಟದ ಗಡಿಯಾರದಾಗ ಅದು ಐದೂವರಿ."

"ಗಡಿಯಾರ ಮುಂದ ತಿರುವಿದ್ರ ಹೊತ್ತು ಮುಂದ ಹೊಕ್ಕೈತೇನ? ಮಾತು ಕೊಟ್ಟಿದ್ದಿ ನೀ. ಬಸ್ ಸ್ಟ್ಯಾಂಡಿನ್ಯಾಗ ನಿಂತು."

"ಕೊಟ್ಟಾಗ ನನಗಾರ ಏನು ಗೊತ್ತಿತ್ತು? ಆಗಸ್ಟಿನ್ಯಾಗ ಬೆಳಕಿರತಿತ್ತು. ಆಮ್ಯಾಲ ದಿನಾ ಸಣ್ಣದಾಗಾಕತ್ತು."

"ಆದಾಗ ಹೇಳಬೇಕಿತ್ತು."

ಫೋನು ತಂಗಿಗೆ ಕೊಡು ಅಂದಳು ಅಕ್ಕ. ಫೋನು ನನ್ನ ಕೈಗೆ ಬಂದಾಗ ಇಷ್ಟೇ ಕೇಳಿದಳು: "ಲೇ, ನಿನಗ ಬ್ಯಾರೆ ಉದ್ಯೋಗ ಇರಲಿಲ್ಲೇನ?"

ಅಂದಿನಿಂದ ಹತ್ತು ದಿನ ನಾನು ಒಂದು ಕಡೆ ಕೂರಲಿಲ್ಲ. ಮಾಳಿಗೆ ಹತ್ತುವುದು, ಇಳಿಯುವುದು, ಫಾರ್ಮು ತೆರೆಯುವುದು, ಮುಚ್ಚುವುದು. ಅಪ್ಪನನ್ನು ನಡುವೆ ತರಲು ನೋಡಿದೆ. ಅಪ್ಪ ಹರಿದ ಎಳೆ ಗಂಟು ಹಾಕುತ್ತ, "ದೀಪದ ಖಾತೆ ನಂದಲ್ಲ," ಅಂದ. ಆಗ ನನಗೊಂದು ಉಪಾಯ ಹೊಳೆಯಿತು. ನೂಲು ಸುತ್ತುವ ಯಂತ್ರ ನಮ್ಮ ಮನೆಯಲ್ಲಿಲ್ಲ. ಎರಡು ಓಣಿ ಆಚೆ ಇದೆ. ಅವ್ವ ಅಲ್ಲಿಗೆ ದಿನವೂ ಐದು ಗಂಟೆಗೆ ಹೊರಡುತ್ತಾಳೆ. ಹೊತ್ತು ಮೂಡುವುದು ಏಳಕ್ಕೆ ಸ್ವಲ್ಪ ಮುಂಚೆ. ಅಂದರೆ ಅವಳೂ ಒಂದೂ ಮುಕ್ಕಾಲು ತಾಸು ಕತ್ತಲೆಯಲ್ಲಿ ಹೊರಗಿರುತ್ತಾಳೆ, ಅದೂ ಇಪ್ಪತ್ತು ವರ್ಷದಿಂದ. ಅಕ್ಕನ ಊರಿನಲ್ಲಿ ಬೆಳಗಿನ ಕತ್ತಲೆ ಬೇಗ ಮುಗಿಯುತ್ತದೆ, ಸಂಜೆಯದು ಬೇಗ ಬರುತ್ತದೆ. ಎರಡೂ ಕೂಡಿಸಿದರೆ ತಾಯಿ ಮಗಳ ಪಾಲು ಹೆಚ್ಚು ಕಡಿಮೆ ಸಮ. ಇದನ್ನು ಡಿಸೆಂಬರ್ ೨೬ರಂದು ಅವಳ ಮುಂದಿಟ್ಟೆ.

ಅವ್ವ ಪೂರ್ತಿ ಕೇಳಿದಳು. "ಮುಂಜಾನಿ ಕತ್ತಲಿ ಬ್ಯಾರೆ," ಅಂದಳು. "ಅದು ಹೋಗಾಕತ್ತಿರತೈತಿ. ಸಂಜಿದು ಬರಾಕತ್ತಿರತೈತಿ. ಅದಲ್ದ ನಾ ಒಬ್ಬಾಕಿ ಹೊಕ್ಕೀನೇನ? ಓಣಿ ತುಂಬ ಹೆಂಗಸರು ಇರತಾರ, ಎಲ್ಲಾರೂ ಕಂಡಿಕಿ ಬುಟ್ಟಿ ಹಿಡದು."

ಆಮೇಲೆ ತಾನೇ ಕೇಳಿದಳು: "ಅಕಿ ಬರೂ ದಾರ್ಯಾಗ ಹೆಂಗಸರು ಇರತಾರೇನ?"

ನನಗೆ ಗೊತ್ತಿರಲಿಲ್ಲ. ಏಳು ದಿನ ಸೂರ್ಯನನ್ನು ಕೇಳಿದ್ದೆ, ಇದನ್ನು ಕೇಳಿರಲಿಲ್ಲ.

ಡಿಸೆಂಬರ್ ೨೭. ಸಂಜೆ ೫ ಗಂಟೆ ೪೦ ನಿಮಿಷಕ್ಕೆ ಅಕ್ಕ ಬ್ಯಾಂಕಿನ ಬಾಗಿಲಿನಲ್ಲೇ ವಿಡಿಯೊ ಹಚ್ಚಿದಳು. ಫೋನನ್ನು ಎದೆಯ ಹತ್ತಿರ ರಸ್ತೆಯ ಕಡೆ ಮುಖ ಮಾಡಿ ಹಿಡಿದು ಮನೆಯ ತನಕ ನಡೆಯಬೇಕು. ಅವ್ವ ನೋಡುತ್ತಾಳೆ, ನಾನು ಗೀಟು ಹಾಕುತ್ತೇನೆ ಎಂದು ಮಾತಾಗಿತ್ತು. ಹೆಂಗಸರಿಗೆ ಒಂದು ಸಾಲು, ಗಂಡಸರಿಗೆ ಒಂದು ಸಾಲು.

"ನೆಟ್ಟಗ ಹಿಡಿ. ಬರೇ ನೆಲ ಕಾಣತೈತಿ."

"ಅವ್ವ, ಮಂದಿ ನನ್ನ ನೋಡಾಕತ್ತಾರ."

"ನೋಡಲಿ. ನೋಡಾಕತ್ತವ್ರೊಳಗ ಹೆಂಗಸರು ಎಷ್ಟು?"

ಟ್ಯೂಬ್‌ಲೈಟಿನ ಕೆಳಗೆ ಮೀನಿನ ಸಾಲು, ಸಾಸಿವೆ ಸೊಪ್ಪಿನ ರಾಶಿ, ಉಣ್ಣೆಯ ಟೊಪ್ಪಿಗೆಗಳ ಅಂಗಡಿ. ನಾಲ್ಕು ಹುಡುಗಿಯರು ಒಂದೇ ಸೈಕಲ್ಲನ್ನು ತಳ್ಳಿಕೊಂಡು ಬಂದರು.

"ಇವ್ರು ಎಲ್ಲಿಂದ ಬರಾಕತ್ತಾರ?"

"ಟ್ಯೂಷನ್ ಮುಗಿಸಿ."

"ಕತ್ತಲದಾಗ?"

"ಆರು ಇನ್ನೂ ಆಗಿಲ್ಲ ಅವ್ವ."

ನಾನು ಒಂದು ಗೀಟು ಹಾಕುತ್ತಿದ್ದಾಗ ಅವ್ವ ಕೈ ಹಿಡಿದು ತಡೆದಳು. "ಅಕಿನ್ನ ಬಿಡು. ಬಾಗಲದಾಗ ನಿಂತಾಳ, ರಸ್ತೆದಾಗ ಇಲ್ಲ." ಇಷ್ಟು ಕಟ್ಟುನಿಟ್ಟಾಗಿ ನಾನು ಕೂಡ ಎಣಿಸುವುದಿಲ್ಲ. ಇಪ್ಪತ್ತೊಂದು ನಿಮಿಷಕ್ಕೆ ಅಕ್ಕ ತನ್ನ ಬಾಗಿಲು ಮುಟ್ಟಿದಳು. ಹೆಂಗಸರು ಅರವತ್ತಮೂರು, ಗಂಡಸರು ಎಂಬತ್ತೆಂಟು.

ಅವ್ವ ಎದ್ದು ರೊಟ್ಟಿ ಬಡಿಯಲು ಹೋದಳು. ಮರುದಿನ ಮಧ್ಯಾಹ್ನ ಕೇಳಿದಳು: "ಅಲ್ಲಿ ಹೊತ್ತು ಮುಳುಗಿ ಎಷ್ಟೊತ್ತಿಗಿ ಅಕಿ ಹೊರಗ ಬಿದ್ಲು?" ಒಂದು ತಾಸು ಹತ್ತೊಂಬತ್ತು ನಿಮಿಷ ಅಂದೆ. "ನಮ್ಮಲ್ಲಿ ಅದು ಎಷ್ಟಕ್ಕ ಬರತೈತಿ?" ಏಳು ಗಂಟೆ ಇಪ್ಪತ್ತನಾಲ್ಕು ನಿಮಿಷಕ್ಕೆ.

"ನಡಿ," ಅಂದಳು.

ಡಿಸೆಂಬರ್ ೨೮, ಸರಿಯಾಗಿ ಏಳು ಇಪ್ಪತ್ತನಾಲ್ಕಕ್ಕೆ ನಾವಿಬ್ಬರೂ ಬನಹಟ್ಟಿಯ ಪೇಟೆಯಿಂದ ಮನೆಯ ಕಡೆ ನಡೆಯತೊಡಗಿದೆವು. ಅದೇ ಇಪ್ಪತ್ತೊಂದು ನಿಮಿಷ ಆಗಬೇಕೆಂದು ಮೆಲ್ಲಗೆ. ಚಹಾ ಅಂಗಡಿಯ ಮುಂದೆ ಗಂಡಸರು, ಪಾನ್ ಅಂಗಡಿಯ ಮುಂದೆ ಗಂಡಸರು, ನೂಲಿನ ಗಂಟು ಹೊತ್ತ ಬೈಕುಗಳ ಮೇಲೆ ಗಂಡಸರು. ಗಂಡಸರ ಸಾಲಿನಲ್ಲಿ ಜಾಗ ಸಾಲದೆ ನಾನು ಪುಟ ತಿರುವಿದೆ. ಪರಿಚಯದವರೊಬ್ಬರು ಅವ್ವನನ್ನು ತಡೆದು, "ಯಾಕ ಅಕ್ಕಾರ, ದವಾಖಾನಿಗೇನ್ರಿ?" ಎಂದು ಕೇಳಿದರು. ಆ ಹೊತ್ತಿನಲ್ಲಿ ಹೊರಬಿದ್ದ ಹೆಂಗಸಿಗೆ ಬೇರೆ ಕಾರಣ ಅವರಿಗೆ ತೋಚಲಿಲ್ಲ. ಅವ್ವ, "ಹೂಂರಿ," ಅಂದು ಮುಂದೆ ನಡೆದಳು.

ಮನೆ ಮುಟ್ಟಿದಾಗ ಹೆಂಗಸರು ಹನ್ನೊಂದು.

"ನಮ್ಮನ್ನೂ ಹಿಡದಿಯೇನ?"

"ಹೂಂ."

"ತಗಿ. ನಾವು ಎಣಿಸಾಕ ಹೋಗಿದ್ದೇವಿ."

ಒಂಬತ್ತು.

ಮರುದಿನ ನೂಲು ಸುತ್ತಿ ಬಂದು, ಬುಟ್ಟಿ ಇಳಿಸುವ ಮೊದಲೇ ಅವ್ವ ತೀರ್ಪು ಹೇಳಿದಳು. "ಅಕಿ ಇರಲಿ ಅಲ್ಲೇ. ಆ ಊರಾಗ ಕತ್ತಲದಾಗೂ ಹೆಂಗಸರು ಅದಾರ." ನನ್ನ ಮುಖದಲ್ಲಿ ಏನು ಕಂಡಿತೋ, ಕೂಡಲೇ ಕೈ ಎತ್ತಿ ತಡೆದಳು. "ನಿಂದು ಬ್ಯಾರೆ. ನಿನಗ ಯಾವ ಊರು ಬರತೈತೋ ಯಾರಿಗಿ ಗೊತ್ತು? ಅಲ್ಲಿ ದಾರ್ಯಾಗ ಹೆಂಗಸರು ಇರತಾರೋ, ನಮ್ಮ ಪ್ಯಾಟಿ ಹಂಗ ಇರತೈತೋ? ಹೊತ್ತು ಮುಳುಗೂದು ಬಿಡು, ಅದು ಅಲ್ಲಲ್ಲಿ ಹೆಂಗ ಐತೋ ಹಂಗ ಮುಳುಗತೈತಿ. ಹೆಂಗಸರನ್ನ ಎಣಿಸಿ ತಂದು ತೋರಸು. ಯಾವ ಐದು ಊರಾಗ ಜಾಸ್ತಿ ಅದಾರೋ ಆ ಐದು ಬರಿ."

"ಇಪ್ಪತ್ತಾರು ಊರು ನಾ ಹೆಂಗ ಎಣಿಸಲಿ ಅವ್ವ?"

"ಸೂರ್ಯಾನ್ನ ಎಣಿಸಿದಿಯಲ್ಲ, ಹಂಗ."

ಆಮೇಲೆ ಇಪ್ಪತ್ತೊಂದು ದಿನ ಕಳೆದಿವೆ. ಸಂಕ್ರಮಣವೂ ಮುಗಿಯಿತು. ಇಪ್ಪತ್ತಾರು ಊರುಗಳ ಹೊತ್ತು ಮುಳುಗುವ ಸಮಯ ಮನೆಯಲ್ಲಿ ಕೂತೇ ಸಿಕ್ಕಿತು. ಎರಡು ಸಂಜೆಯಲ್ಲಿ ಕೋಷ್ಟಕ ತಯಾರಾಯಿತು. ಹೆಂಗಸರ ಸಾಲು ಮಾತ್ರ ಬಹುಪಾಲು ಖಾಲಿ. ದೂರದ ಊರುಗಳಿಗೆ ಸೀರೆ ಒಯ್ಯುವ ನಮ್ಮ ಓಣಿಯ ವ್ಯಾಪಾರಿಯೊಬ್ಬರನ್ನು ಕೇಳಿದೆ. "ತಂಗೀ, ನಾ ಸೀರಿ ಎಣಿಸೇನಿ, ಉಟ್ಟಾಕಿನ್ನ ಎಣಿಸಿಲ್ಲ," ಅಂದರು. ಜಮಖಂಡಿಯಲ್ಲಿ ನನ್ನ ಜತೆ ಓದಿದವಳೊಬ್ಬಳು ಈಗ ಭುಜ್‌ನಲ್ಲಿದ್ದಾಳೆ. ಅವಳು ಕೆಲಸ ಮುಗಿಸಿ ಬರುತ್ತ ಎಣಿಸಿ ನಲವತ್ತೇಳು ಎಂದು ಕಳಿಸಿದಳು. ಅವ್ವ ಕೇಳಿದ ಮೊದಲ ಪ್ರಶ್ನೆ: "ಅವತ್ತ ಸಂತಿ ಇತ್ತೇನ?" ಇತ್ತು. ಅದನ್ನು ಹೊಡೆದುಹಾಕಬೇಕಾಯಿತು. ಮರುದಿನ ಸಂತೆ ಇಲ್ಲದಾಗ ಇಪ್ಪತ್ತೆಂಟು. ಇಪ್ಪತ್ತಾರರಲ್ಲಿ ಒಂದು ಊರು ಆಯಿತು.

ನಡುನಡುವೆ ನನಗೆ ಸಿಟ್ಟು ಬರುತ್ತದೆ. ನಮ್ಮ ಪೇಟೆಯ ಒಂಬತ್ತು ನಮಗೆ ನಡೆಯುತ್ತದೆ, ಪರವೂರಿನದು ಮಾತ್ರ ಅಷ್ಟಿದ್ದರೆ ಸಾಲದು ಅನ್ನುವುದು ಯಾವ ನ್ಯಾಯ ಎಂದು ಅವ್ವನನ್ನು ಕೇಳಬೇಕೆನಿಸುತ್ತದೆ. ಕೇಳಿದರೆ ಅವಳು ಕೊಡುವ ಉತ್ತರವೂ ನನಗೆ ಗೊತ್ತು. ಇಲ್ಲಿ ನೀ ಏಳೂವರಿಗಿ ಹೊರಗ ಇರತೀಯೇನ ಅನ್ನುತ್ತಾಳೆ. ಇಲ್ಲ, ಇರುವುದಿಲ್ಲ. ಅದಕ್ಕೇ ಹೋಗಬೇಕೆಂದಿರುವುದು. ಇಷ್ಟನ್ನು ಅವಳ ಮುಂದೆ ಹೇಳಲು ಇನ್ನೂ ಬಾಯಿ ಬಂದಿಲ್ಲ. ಎಣಿಕೆ ಕೇಳಿದ್ದಾಳೆ, ಎಣಿಕೆ ಕೊಡುವುದು ನನಗೆ ಸುಲಭ.

ಉಳಿದಿರುವುದು ಹನ್ನೆರಡು ದಿನ. ಅದಕ್ಕಾಗಿ ಇದನ್ನು ಓದುವವರಲ್ಲಿ ಕೇಳಿಕೊಳ್ಳುತ್ತೇನೆ. ನನ್ನ ಪಟ್ಟಿಯ ಬಾರ್ಮೇರ್, ಪೂರ್ಣಿಯಾ, ರಾಯಗಡ, ಅಗರ್ತಲಾ, ಇಲ್ಲವೆ ನಮ್ಮ ನಾಡಿನಿಂದ ಅಷ್ಟು ದೂರದ ಬೇರೆ ಯಾವುದೇ ಊರಿನಲ್ಲಿ ನೀವು ಅಥವಾ ನಿಮ್ಮವರು ಇದ್ದರೆ, ಹೊತ್ತು ಮುಳುಗಿ ಒಂದೂ ಕಾಲು ತಾಸಿನ ಮೇಲೆ ಅಲ್ಲಿಯ ದೊಡ್ಡ ರಸ್ತೆಯಲ್ಲಿ ಇಪ್ಪತ್ತೊಂದು ನಿಮಿಷ ನಡೆದು ನೋಡಿ. ಎದುರಾದ ಹೆಂಗಸರು ಎಷ್ಟು, ಅದು ಸಂತೆಯ ದಿನವೋ ಹಬ್ಬದ ದಿನವೋ, ಎರಡನ್ನೂ ಈ ಪತ್ರಿಕೆಯ ವಿಳಾಸಕ್ಕೆ ಈ ತಿಂಗಳ ಇಪ್ಪತ್ತೆಂಟರೊಳಗೆ ಬರೆದು ತಿಳಿಸಿ. ಕಡಿಮೆ ಬಂದರೆ ನನ್ನ ಮೇಲಿನ ಕನಿಕರಕ್ಕೆ ಒಂದೆರಡು ಸೇರಿಸಬೇಡಿ, ಇದ್ದಷ್ಟೇ ಬರೆಯಿರಿ.